ಮುಖಪುಟದಲ್ಲಿಲ್ಲದ ಕೈಗಳು

ಶಿಕಾರಿಪುರ, ಸೊರಬದ ಹಳ್ಳಿಗಳಲ್ಲಿ ಕ್ರೈಸ್ತ ಸಭೆಯ ಸೇವೆಗೆ ಓಡಾಡುವ ಯುವಕರೊಬ್ಬರ ಅಳಲು ಇಷ್ಟು: ದುಡಿಮೆ ತನ್ನದು, ಹೆಸರು ಜೊತೆಗಾರನದು. ಸೇವೆ ಬಿಡಲೇ ಎಂದು ಕೇಳಿದ್ದಾರೆ.

ಬಿಡುವುದು ಬೇಡ. ಹೆಸರಿಲ್ಲದೆ ದುಡಿದವರು ಹಿಂದೆಯೂ ಇದ್ದರು.

ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟೆಲ್ ಭಾರತಕ್ಕೆ ಬಂದದ್ದು 1853ರಲ್ಲಿ. ಸುಮಾರು 70,000 ಪದಗಳ ಅವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ನಾಲ್ಕು ದಶಕ! ಅರ್ಥ ಬಿಡಿಸಿಕೊಟ್ಟ ಪಂಡಿತರು, ಮೊಳೆ ಜೋಡಿಸಿದ ಅಚ್ಚುಕೂಟದವರು ಇಲ್ಲದೆ ಆ ಹೊತ್ತಗೆ ಹೊರಬರುತ್ತಿರಲಿಲ್ಲ. ಮುಖಪುಟದಲ್ಲಿರುವುದು ಕಿಟೆಲ್ ಹೆಸರೊಂದೇ.

ಕೊರಿಂಥದವರಿಗೆ ಬರೆದ ಮೊದಲ ಪತ್ರದ 3ನೇ ಅಧ್ಯಾಯದಲ್ಲಿ ಪೌಲನು ಬಿಡಿಸುವುದೂ ಇದೇ ಜಗಳವನ್ನು: ಸಸಿ ನೆಟ್ಟವನೊಬ್ಬ, ನೀರೆರೆದವನು ಇನ್ನೊಬ್ಬ. ಮುಯ್ಯಾಳು ಕೂಡಿ ಗದ್ದೆ ನಾಟಿ ಮಾಡುವ ಸೀಮೆಯವರಿಗೆ ಇದನ್ನು ವಿವರಿಸಬೇಕಿಲ್ಲ.

ಆದರೆ ನೋವು ನುಂಗಿಕೊಂಡಿರುವುದು ನಿಷ್ಠೆಯಲ್ಲ. ಈ ಭಾನುವಾರ ಆರಾಧನೆ ಮುಗಿದ ಮೇಲೆ ಆ ಯುವಕರು ಜೊತೆಗಾರನನ್ನು ಒಬ್ಬನನ್ನೇ ಕರೆದು, ಎದುರಿಗೇ ಹೇಳಿಬಿಡಲಿ. ಸಭಾಪಾಲಕರ ಬಳಿ ಹೋಗುವುದು ಆಮೇಲೆ.