ಪ್ರವಾಸದ ದಾರಿಯಲ್ಲಿ ಇಗರ್ಜಿಯ ಬಾಗಿಲು

ಬೇಸಿಗೆ ರಜೆ ಬಂತೆಂದರೆ ಮನೆಮನೆಯಲ್ಲಿ ಪ್ರವಾಸದ ಮಾತು ಆರಂಭವಾಗುತ್ತದೆ. ಕೆಲವರು ಮಕ್ಕಳನ್ನು ಕರೆದುಕೊಂಡು ಮೈಸೂರಿಗೆ ಹೋಗುತ್ತಾರೆ, ಕೆಲವರು ಬಿಜಾಪುರಕ್ಕೆ, ಇನ್ನು ಕೆಲವರು ಗೋವಾಕ್ಕೆ. ಕೋಟೆ, ಅರಮನೆ, ಸಮುದ್ರ ತೀರಗಳನ್ನು ನೋಡುವಾಗ ಯಾವ ಪ್ರಶ್ನೆಯೂ ಏಳುವುದಿಲ್ಲ. ಆದರೆ ವಾಹನವು ಒಂದು ಹಳೆಯ ಇಗರ್ಜಿಯ ಮುಂದೆ ನಿಂತಾಗ ನಮ್ಮಲ್ಲಿ ಎರಡು ಪಂಗಡಗಳಾಗುತ್ತವೆ. “ಇದು ಬರೀ ನೋಡುವ ಜಾಗ, ಬನ್ನಿ” ಎನ್ನುವವರು ಒಂದು ಕಡೆ. “ಅಸ್ತಗ್‌ಫಿರುಲ್ಲಾಹ್, ಅಲ್ಲಿಗೆ ಕಾಲಿಡಬಾರದು” ಎನ್ನುವವರು ಇನ್ನೊಂದು ಕಡೆ. ಮಕ್ಕಳು ಹಿರಿಯರ ಮುಖ ನೋಡುತ್ತಾ ನಿಂತುಬಿಡುತ್ತಾರೆ.

ಹಲವು ವರ್ಷಗಳ ಹಿಂದೆ ನಾವು ಎರಡು ಕುಟುಂಬದವರು ಗೋವಾಕ್ಕೆ ಹೋಗಿದ್ದೆವು. ಅಲ್ಲಿನ ಒಂದು ಇಗರ್ಜಿಯೊಳಗೆ ಒಬ್ಬ ವೃದ್ಧೆ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದರು. ಮಕ್ಕಳಿಗೆ ಏಕದೇವತ್ವದ ಪಾಠ ಹೇಳುವ ಹುಮ್ಮಸ್ಸಿನಲ್ಲಿ ನಾನು ಪ್ರತಿಮೆಯ ಕಡೆಗೆ ಬೆರಳು ತೋರಿಸಿ, “ಇದಕ್ಕೆ ಕಿವಿ ಕೇಳಿಸುತ್ತದೆಯೇ?” ಎಂದು ಗಟ್ಟಿಯಾಗಿ ಹೇಳಿ ನಕ್ಕೆ. ಆ ವೃದ್ಧೆ ತಲೆಯೆತ್ತಿ ನನ್ನನ್ನೊಮ್ಮೆ ನೋಡಿದರು. ಏನೂ ಹೇಳಲಿಲ್ಲ. ಎದ್ದು, ಹಿಂದಿನ ಬೆಂಚಿನ ಬಳಿಗೆ ಹೋಗಿ ಮತ್ತೆ ಮೊಣಕಾಲೂರಿದರು. ಅದೇ ಹೊತ್ತಿಗೆ ನನ್ನ ಗೆಳೆಯರ ಎಂಟು ವರ್ಷದ ಮಗಳು ಮೇಣದ ಬತ್ತಿ ಹಚ್ಚುವವರ ಸಾಲಿನಲ್ಲಿ ನಿಂತಿದ್ದಳು. “ಇರಲಿ ಬಿಡಿ, ಮಗುವಿನ ಆಸೆ” ಎಂದು ತಂದೆಯೇ ಬತ್ತಿ ಕೊಡಿಸಿದ್ದರು. ಹೊರಗೆ ಬಂದ ಮೇಲೆ ಅವಳು ಕೇಳಿದಳು: “ಅಬ್ಬಾ, ಪರೀಕ್ಷೆಯಲ್ಲಿ ಪಾಸಾಗಲಿ ಅಂತ ಬತ್ತಿ ಹಚ್ಚಿ ಕೇಳಿಕೊಂಡೆ. ಆಗುತ್ತದಲ್ಲವೇ?”

ಗೆಳೆಯರ ಮುಖ ಬಾಡಿತು. ನಾನು ತಲೆ ತಗ್ಗಿಸಿದೆ. ಒಂದೇ ಬಾಗಿಲಿನೊಳಗೆ ಅರ್ಧ ಗಂಟೆಯಲ್ಲಿ ನಾವು ಎರಡು ತಪ್ಪುಗಳನ್ನು ಮಾಡಿದ್ದೆವು. ನನ್ನದು ತಿರಸ್ಕಾರದ ತಪ್ಪು, ಅವರದು ಅಸಡ್ಡೆಯ ತಪ್ಪು. ಇಸ್ಲಾಮ್ ನಮ್ಮನ್ನು ಈ ಎರಡರಿಂದಲೂ ಕಾಪಾಡಲು ಬಯಸುತ್ತದೆ. ಹೇಗೆಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ.

ನೋಡುವುದಕ್ಕೂ ಒಂದು ಉದ್ದೇಶವಿದೆ

ಭೂಮಿಯಲ್ಲಿ ಸಂಚರಿಸಿರಿ, ನಿಮಗಿಂತ ಹಿಂದಿನವರ ಅಂತ್ಯವೇನಾಯಿತೆಂದು ನೋಡಿರಿ ಎಂಬ ಕರೆಯು ಪವಿತ್ರ ಕುರ್‌ಆನಿನಲ್ಲಿ ಹಲವು ಕಡೆ ಬಂದಿದೆ. ಸೂರಃ ಅಲ್‌ಹಜ್ಜ್‌ನ 46ನೆಯ ಸೂಕ್ತವು ಇನ್ನೂ ಮುಂದೆ ಹೋಗಿ, ಕುರುಡಾಗುವುದು ಕಣ್ಣುಗಳಲ್ಲ, ಎದೆಯೊಳಗಿನ ಹೃದಯಗಳು ಎಂದು ಎಚ್ಚರಿಸುತ್ತದೆ. ಆದ್ದರಿಂದ ಹಳೆಯ ಕಟ್ಟಡಗಳನ್ನು ನೋಡುವುದು ತಪ್ಪಲ್ಲ. ಹೃದಯವನ್ನು ಮನೆಯಲ್ಲಿ ಬಿಟ್ಟು ಬರೀ ಕಣ್ಣನ್ನು ಕೊಂಡೊಯ್ಯುವುದು ತಪ್ಪು.

ಹಿಜರಿ 9ರಲ್ಲಿ ತಬೂಕಿನ ದಾರಿಯಲ್ಲಿ ಸಮೂದ್ ಜನಾಂಗದ ಪಾಳುಬಿದ್ದ ವಸತಿಗಳು ಎದುರಾದಾಗ ಪ್ರವಾದಿವರ್ಯರು(ಸ), ಅಳುವ ಮನಸ್ಸಿಲ್ಲದಿದ್ದರೆ ಅವುಗಳೊಳಗೆ ಪ್ರವೇಶಿಸಬೇಡಿರೆಂದು ಸಂಗಾತಿಗಳಿಗೆ ತಾಕೀತು ಮಾಡಿದರು, ತಲೆಗೆ ಬಟ್ಟೆ ಮುಚ್ಚಿಕೊಂಡು ಬೇಗನೆ ದಾಟಿಹೋದರು. ಅದು ದೇವಶಿಕ್ಷೆ ಎರಗಿದ ಸ್ಥಳವಾಗಿತ್ತು. ಇಗರ್ಜಿಯ ವಿಷಯ ಬೇರೆ. ಸೂರಃ ಅಲ್‌ಹಜ್ಜ್‌ನ 40ನೆಯ ಸೂಕ್ತದಲ್ಲಿ ಸನ್ಯಾಸಿಗಳ ಮಠಗಳು, ಇಗರ್ಜಿಗಳು, ಯಹೂದಿಯರ ಪ್ರಾರ್ಥನಾಲಯಗಳು ಹಾಗೂ ಮಸೀದಿಗಳನ್ನು ಒಂದೇ ಉಸಿರಿನಲ್ಲಿ ಪ್ರಸ್ತಾಪಿಸಿ, ಅಲ್ಲಾಹನು ಜನರಲ್ಲಿ ಕೆಲವರನ್ನು ಕೆಲವರ ಮೂಲಕ ತಡೆಯದಿರುತ್ತಿದ್ದರೆ ಇವೆಲ್ಲ ನೆಲಸಮವಾಗುತ್ತಿದ್ದುವೆಂದು ಹೇಳಲಾಗಿದೆ. ಆರಾಧನಾಲಯವನ್ನು ಕೆಡಹುವ ಮನಸ್ಸು ಕುರ್‌ಆನಿನ ಶಿಷ್ಯನದ್ದಲ್ಲವೆಂಬುದಕ್ಕೆ ಇದು ಸಾಕು.

ಸಹಾಬಿಗಳು ಕಂಡ ಇಗರ್ಜಿ

ಇಗರ್ಜಿಯನ್ನು ಕಂಡ ಮುಸ್ಲಿಮರಲ್ಲಿ ನಾವು ಮೊದಲಿಗರಲ್ಲ. ಮಕ್ಕಾದ ಹಿಂಸೆ ತಾಳಲಾರದೆ ವಿಶ್ವಾಸಿಗಳ ಒಂದು ತಂಡವು ಕ್ರಿ.ಶ. 615ರ ಸುಮಾರಿಗೆ ಅಬಿಸೀನಿಯಕ್ಕೆ ವಲಸೆ ಹೋಯಿತು. ಅದು ಕ್ರೈಸ್ತ ರಾಜ್ಯವಾಗಿತ್ತು. ರಾಜ ನಜ್ಜಾಶಿಯ ಮುಂದೆ ಹ. ಜಅ್‌ಫರ್(ರ) ಸೂರಃ ಮರ್ಯಮ್‌ನ ಸೂಕ್ತಗಳನ್ನು ಓದಿದಾಗ ರಾಜನ ಗಡ್ಡ ಕಣ್ಣೀರಿನಿಂದ ತೊಯ್ದಿತೆಂದು ಪ್ರವಾದಿ ಚರಿತ್ರೆಯ ಗ್ರಂಥಗಳು ಹೇಳುತ್ತವೆ. ಅಲ್ಲಿ ಆಶ್ರಯ ಪಡೆದವರಲ್ಲಿ ಹ. ಉಮ್ಮು ಸಲಮ(ರ) ಮತ್ತು ಹ. ಉಮ್ಮು ಹಬೀಬ(ರ) ಇದ್ದರು. ಅವರು ಅಲ್ಲಿ ‘ಮಾರಿಯ’ ಎಂಬ ಹೆಸರಿನ ಇಗರ್ಜಿಯನ್ನೂ ಅದರೊಳಗಿನ ಚಿತ್ರಗಳನ್ನೂ ಕಂಡಿದ್ದರು. ಮುಂದೆ ಅದರ ಬಗ್ಗೆ ಪ್ರವಾದಿವರ್ಯರಲ್ಲಿ(ಸ) ಹೇಳಿದಾಗ ಅವರು, ನೀವೇಕೆ ಅಲ್ಲಿಗೆ ಹೋದಿರಿ ಎಂದು ಗದರಿದರೆಂಬ ಮಾತು ಆ ಹದೀಸಿನಲ್ಲಿಲ್ಲ. ಬದಲಾಗಿ ಅದರ ಒಳಗಿನ ರೋಗವನ್ನು ತೋರಿಸಿಕೊಟ್ಟರು. ಅವರಲ್ಲಿ ಸಜ್ಜನನೊಬ್ಬ ಸತ್ತರೆ ಅವನ ಗೋರಿಯ ಮೇಲೆ ಆರಾಧನಾಲಯ ಕಟ್ಟಿ ಆ ಚಿತ್ರಗಳನ್ನು ಬಿಡಿಸುತ್ತಿದ್ದರು, ಅಲ್ಲಾಹನ ಬಳಿ ಅವರು ಸೃಷ್ಟಿಗಳಲ್ಲೇ ಕೆಟ್ಟವರು ಎಂಬುದು ಆ ಮಾತಿನ ಸಾರ.

ಇಮಾಮ್ ಬುಖಾರಿಯವರು ಇಗರ್ಜಿಯಲ್ಲಿ ನಮಾಝ್ ನಿರ್ವಹಿಸುವ ಕುರಿತಾದ ಅಧ್ಯಾಯದಲ್ಲಿ ಈ ಹದೀಸನ್ನು ಇಟ್ಟಿದ್ದಾರೆ. ಅದೇ ಅಧ್ಯಾಯದ ಆರಂಭದಲ್ಲಿ, ಪ್ರತಿಮೆಗಳಿರುವ ಕಾರಣ ನಾವು ನಿಮ್ಮ ಇಗರ್ಜಿಗಳೊಳಗೆ ಬರುವುದಿಲ್ಲವೆಂದು ಹ. ಉಮರ್(ರ) ಹೇಳಿದ್ದನ್ನೂ, ಪ್ರತಿಮೆಗಳಿಲ್ಲದ ಇಗರ್ಜಿಯಲ್ಲಿ ಹ. ಇಬ್ನು ಅಬ್ಬಾಸ್(ರ) ನಮಾಝ್ ಮಾಡುತ್ತಿದ್ದುದನ್ನೂ ಸೇರಿಸಿದ್ದಾರೆ.

ಇಬ್ಬರು ಮಹನೀಯರು, ಎರಡು ನಡೆ

ಹಂಬಲೀ ವಿದ್ವಾಂಸ ಇಬ್ನು ಖುದಾಮರು (ಮರಣ ಕ್ರಿ.ಶ. 1223) ತಮ್ಮ ‘ಅಲ್‌ಮುಗ್ನೀ’ ಗ್ರಂಥದಲ್ಲಿ ಒಂದು ವರದಿಯನ್ನು ಉಲ್ಲೇಖಿಸಿದ್ದಾರೆ. ಹ. ಉಮರ್(ರ) ಸಿರಿಯಾಕ್ಕೆ ಬಂದಾಗ ಅಲ್ಲಿನ ಕ್ರೈಸ್ತರು ಅಡುಗೆ ಮಾಡಿ ಊಟಕ್ಕೆ ಕರೆದರು. ಊಟ ಇಗರ್ಜಿಯಲ್ಲಿ ಎಂದು ತಿಳಿದಾಗ ಹ. ಉಮರ್(ರ) ಹೋಗಲಿಲ್ಲ. ಆದರೆ ಆಮಂತ್ರಣವನ್ನು ತಳ್ಳಿಹಾಕಲೂ ಇಲ್ಲ, ಜನರನ್ನು ಕರೆದುಕೊಂಡು ಹೋಗಿ ಊಟ ಮಾಡಿ ಬನ್ನಿರೆಂದು ಹ. ಅಲೀ(ರ)ಯವರನ್ನು ಕಳುಹಿಸಿದರು. ಹ. ಅಲೀ(ರ) ಒಳಗೆ ಹೋದರು, ಊಟ ಮಾಡಿದರು, ಅಲ್ಲಿನ ಚಿತ್ರಗಳನ್ನು ನೋಡುತ್ತಾ, ಅಮೀರುಲ್ ಮುಅ್‌ಮಿನೀನರೂ ಬಂದು ಊಟ ಮಾಡಿದ್ದರೆ ಏನಾಗುತ್ತಿತ್ತು ಎಂದರು.

ಇದರಲ್ಲಿ ನಮಗೆಷ್ಟು ದೊಡ್ಡ ಪಾಠವಿದೆ ನೋಡಿ! ಒಬ್ಬರು ಹೋಗಲಿಲ್ಲ, ಇನ್ನೊಬ್ಬರು ಹೋದರು. ಹೋಗದವರು ಹೋದವರ ಈಮಾನನ್ನು ಶಂಕಿಸಲಿಲ್ಲ. ಹೋದವರು ಹೋಗದವರನ್ನು ಸಂಕುಚಿತರೆಂದು ಹಳಿಯಲಿಲ್ಲ. ಕ್ರೈಸ್ತರ ಮನಸ್ಸೂ ನೋಯಲಿಲ್ಲ. ಮುಂದಿನ ಫಿಕ್‌ಹ್ ವಿದ್ವಾಂಸರಲ್ಲೂ ಈ ಭಿನ್ನತೆ ಉಳಿಯಿತು. ಹನಫೀ ವಿದ್ವಾಂಸರಲ್ಲಿ ಹಲವರು ಇಗರ್ಜಿ ಪ್ರವೇಶವನ್ನು ಅನಪೇಕ್ಷಿತವೆಂದರು. ಶಾಫಿಈ ವಿದ್ವಾಂಸರು ಅಲ್ಲಿನವರ ಅನುಮತಿ ಬೇಕೆಂದರು, ಪ್ರತಿಮೆಗಳ ವಿಷಯದಲ್ಲಿ ಕಟ್ಟುನಿಟ್ಟು ತೋರಿದರು. ಇಬ್ನು ಖುದಾಮರು ಅನುಮತಿಯ ಕಡೆಗೆ ಒಲಿದರು. ಆದ್ದರಿಂದ ವಾಹನದೊಳಗೆ ಕುಳಿತು ಜಗಳವಾಡುವ ಅಗತ್ಯವಿಲ್ಲ. ಮನಸ್ಸು ಒಪ್ಪದವರು ಹೊರಗಿನಿಂದ ನೋಡಲಿ. ಒಳಗೆ ಹೋಗುವವರು ಮರ್ಯಾದೆಯನ್ನರಿತು ಹೋಗಲಿ. ಆದರೆ ಆರಾಧನೆಯಲ್ಲಿ ಭಾಗಿಯಾಗುವುದು ಸಲ್ಲದೆಂಬ ವಿಷಯದಲ್ಲಿ ವಿದ್ವಾಂಸರೊಳಗೆ ಭಿನ್ನಮತವಿಲ್ಲ.

ಜೆರುಸಲೇಮಿನ ಮೆಟ್ಟಿಲು

ಕ್ರೈಸ್ತರಿಗೆ ಅತ್ಯಂತ ಪವಿತ್ರವಾದ ಪುನರುತ್ಥಾನದ ಇಗರ್ಜಿ ಜೆರುಸಲೇಮಿನಲ್ಲಿದೆ. ಕ್ರಿ.ಶ. 335ರಲ್ಲಿ ಅದರ ಪ್ರತಿಷ್ಠಾಪನೆ ನಡೆಯಿತು. ನಗರವು 638ರ ಸುಮಾರಿಗೆ ಹ. ಉಮರ್(ರ)ರಿಗೆ ಶರಣಾದಾಗ ಸೊಫ್ರೋನಿಯಸ್ ಅಲ್ಲಿನ ಧರ್ಮಾಧ್ಯಕ್ಷರಾಗಿದ್ದರು. ಹ. ಉಮರ್(ರ) ಇಗರ್ಜಿಯ ಆವರಣದಲ್ಲಿ ಕುಳಿತಿದ್ದಾಗ ನಮಾಝಿನ ಸಮಯವಾಯಿತು. ಒಳಗೇ ನಮಾಝ್ ಮಾಡಿರೆಂದು ಧರ್ಮಾಧ್ಯಕ್ಷರು ಹೇಳಿದರು. ಅವರು ಒಪ್ಪದೆ ಬಾಗಿಲ ಹೊರಗಿನ ಮೆಟ್ಟಿಲ ಮೇಲೆ ಒಬ್ಬರೇ ನಮಾಝ್ ಮಾಡಿದರು. ನಾನು ಒಳಗೆ ನಮಾಝ್ ಮಾಡಿದರೆ, ಉಮರ್ ಇಲ್ಲಿ ನಮಾಝ್ ಮಾಡಿದ್ದಾರೆಂದು ಹೇಳಿ ಮುಸ್ಲಿಮರು ಮುಂದೆ ಇದನ್ನು ನಿಮ್ಮಿಂದ ಕಸಿದುಕೊಳ್ಳಬಹುದು ಎಂಬುದು ಅವರು ನೀಡಿದ ಕಾರಣ. ಇದನ್ನು ಬರೆದಿಟ್ಟವರು ಹತ್ತನೆಯ ಶತಮಾನದ ಕ್ರೈಸ್ತ ಇತಿಹಾಸಕಾರ, ಅಲೆಕ್ಸಾಂಡ್ರಿಯದ ಯುಟಿಕಿಯಸ್.

ಈ ಇಗರ್ಜಿಯನ್ನು 1009ರಲ್ಲಿ ಫಾತಿಮೀ ದೊರೆ ಅಲ್‌ಹಾಕಿಮ್ ಕೆಡಹಿಸಿದನೆಂಬ ಸತ್ಯವನ್ನೂ ನಾವು ಮರೆಮಾಚಬಾರದು. ಅದು ಆತ ಮಾಡಿದ ಅನ್ಯಾಯ, ಇಸ್ಲಾಮ್ ಕಲಿಸಿದ್ದಲ್ಲ. ಆ ಬಳಿಕ ಅದು ಮತ್ತೆ ನಿರ್ಮಾಣವಾಯಿತು. ಇಂದಿಗೂ ಅದರ ಬಾಗಿಲಿನ ಕೀಲಿಕೈ ಜೂದಾ ಎಂಬ ಮುಸ್ಲಿಮ್ ಮನೆತನದ ವಶದಲ್ಲಿದೆ, ಬಾಗಿಲು ತೆರೆಯುವ ಹೊಣೆ ನುಸೈಬ ಎಂಬ ಇನ್ನೊಂದು ಮುಸ್ಲಿಮ್ ಮನೆತನದ್ದು. ಇತರರ ಆರಾಧನಾಲಯದ ಬಾಗಿಲಲ್ಲಿ ಮುಸ್ಲಿಮನು ಕಾವಲುಗಾರನಾಗಿಯೂ ನಿಲ್ಲಬಲ್ಲನು.

ಹಳೆ ಗೋವಾದಲ್ಲಿ ಏನನ್ನು ಓದಬೇಕು?

ಈಗ ನಮ್ಮ ನೆರೆಯ ಹಳೆ ಗೋವಾಕ್ಕೆ ಬನ್ನಿ. ಅಲ್ಲಿನ ಇಗರ್ಜಿಗಳು 1986ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ಬಸ್ಸಿನಿಂದಿಳಿದವರು ನೇರ ಬೊಮ್ ಜೀಸಸ್ ಇಗರ್ಜಿಗೆ ಧಾವಿಸುತ್ತಾರೆ. ಆದರೆ ಸಂತ ಕಜೆತಾನರ ಇಗರ್ಜಿಯ ಬಳಿ ಒಂದು ಕಲ್ಲಿನ ಬಾಗಿಲ ಚೌಕಟ್ಟು ಒಂಟಿಯಾಗಿ ನಿಂತಿದೆ. ಅದು ಬಿಜಾಪುರದ ಆದಿಲ್‌ಶಾಹಿಗಳ ಅರಮನೆಯಲ್ಲಿ ಉಳಿದಿರುವ ಭಾಗ. 1510ರ ತನಕ ಈ ಊರು ಬಿಜಾಪುರದ ಆಡಳಿತದಲ್ಲಿತ್ತು. ಆ ವರ್ಷದ ನವೆಂಬರ್ 25ರಂದು ಪೋರ್ಚುಗೀಸರ ಅಲ್ಬುಕರ್ಕ್ ಅದನ್ನು ಗೆದ್ದನು. ಅಂದು ನಗರದ ಮುಸ್ಲಿಮರನ್ನು ಕೊಲ್ಲಿಸಿದ್ದನ್ನು ಆತನೇ ತನ್ನ ರಾಜನಿಗೆ ಬರೆದಿದ್ದಾನೆ. ಅದು ಸಂತ ಕ್ಯಾಥರೀನಳ ಹಬ್ಬದ ದಿನವಾಗಿತ್ತು. ಅಲ್ಲಿನ ದೊಡ್ಡ ಕೆಥೆಡ್ರಲ್ ಅವಳ ಹೆಸರಿಗೇ ಅರ್ಪಿತವಾಗಿದೆ. 1560ರಲ್ಲಿ ಅಲ್ಲಿ ಸ್ಥಾಪಿಸಲಾದ ಇನ್‌ಕ್ವಿಸಿಶನ್ ಎಂಬ ಧಾರ್ಮಿಕ ವಿಚಾರಣಾ ನ್ಯಾಯಾಲಯವು ಅಂತಿಮವಾಗಿ ರದ್ದಾದದ್ದು 1812ರಲ್ಲಿ.

ಇದನ್ನು ಮಕ್ಕಳಿಗೆ ಹೇಳಬೇಕೇ? ಹೇಳಬೇಕು. ಆದರೆ ಇದರೊಂದಿಗೆ ಇನ್ನೊಂದನ್ನೂ ಹೇಳಬೇಕು. ಒಬ್ಬನ ಪಾಪದ ಹೊರೆಯನ್ನು ಇನ್ನೊಬ್ಬನು ಹೊರುವುದಿಲ್ಲವೆಂದು ಕುರ್‌ಆನ್ ಹೇಳುತ್ತದೆ. ಒಂದು ಜನಾಂಗದ ಮೇಲಿನ ಹಗೆತನವು ನಿಮ್ಮನ್ನು ಅನ್ಯಾಯಕ್ಕೆ ತಳ್ಳದಿರಲಿ ಎಂದು ಸೂರಃ ಅಲ್‌ಮಾಇದದ 8ನೆಯ ಸೂಕ್ತ ಆದೇಶಿಸುತ್ತದೆ. ಇಂದು ಅಲ್ಲಿ ಮೊಣಕಾಲೂರಿರುವ ವೃದ್ಧೆಗೂ ಅಲ್ಬುಕರ್ಕನಿಗೂ ಏನು ಸಂಬಂಧ? ನಾವು ಅಲ್‌ಹಾಕಿಮನ ಹೊರೆಯನ್ನು ಹೊರಲು ಸಿದ್ಧರಿಲ್ಲದಿದ್ದರೆ, ಅವರ ಮೇಲೆ ಅಲ್ಬುಕರ್ಕನ ಹೊರೆಯನ್ನು ಹೊರಿಸಲೂ ಬಾರದು.

1605ರಲ್ಲಿ ಪ್ರತಿಷ್ಠಾಪನೆಯಾದ ಬೊಮ್ ಜೀಸಸ್‌ನಲ್ಲಿ ಫ್ರಾನ್ಸಿಸ್ ಕ್ಸೇವಿಯರರ ಮೃತದೇಹವನ್ನು ಬೆಳ್ಳಿಯ ಪೆಟ್ಟಿಗೆಯಲ್ಲಿ ಇಡಲಾಗಿದೆ. ಅವರು 1552ರಲ್ಲಿ ಚೀನಾದ ತೀರದ ಬಳಿಯ ದ್ವೀಪವೊಂದರಲ್ಲಿ ತೀರಿಕೊಂಡರು. ಸುಮಾರು ಹತ್ತು ವರ್ಷಗಳಿಗೊಮ್ಮೆ ದೇಹದ ಸಾರ್ವಜನಿಕ ದರ್ಶನ ನಡೆಯುತ್ತದೆ, 2024ರ ನವೆಂಬರ್‌ನಿಂದ 2025ರ ಜನವರಿಯ ತನಕವೂ ನಡೆಯಿತು. ಆ ಪೆಟ್ಟಿಗೆಯ ಮುಂದೆ ನಿಂತಾಗ ‘ಮಾರಿಯ’ ಇಗರ್ಜಿಯ ಹದೀಸ್ ನೆನಪಾಗದಿರದು. ಆದರೆ ಓದುಗರೇ, ಆ ಹದೀಸನ್ನು ಅವರ ಕಡೆಗೆ ತಿರುಗಿಸುವ ಮೊದಲು ನಮ್ಮ ಕಡೆಗೆ ತಿರುಗಿಸೋಣ. ಪ್ರವಾದಿವರ್ಯರು(ಸ) ಅದನ್ನು ಹೇಳಿದ್ದು ಮುಸ್ಲಿಮರಿಗೆ. ಗೋರಿಯ ಮುಂದೆ ತಲೆಬಾಗಿ, ಹರಕೆ ಹೊತ್ತು, ಸತ್ತವರಲ್ಲಿ ಸಂತಾನ ಬೇಡುವ ರೋಗ ನಮ್ಮ ಮನೆಗಳಲ್ಲಿಲ್ಲವೇ? ಬೆಳ್ಳಿಯ ಪೆಟ್ಟಿಗೆಯನ್ನು ಕಂಡು ನಗುವವನು ಹಸಿರು ಚಾದರವನ್ನು ಕಂಡು ಅಳಬೇಕಾಗುತ್ತದೆ.

ಪಾಲಿಸಬೇಕಾದ ಕೆಲವು ವಿಷಯಗಳು

1. ಪೂಜೆ ನಡೆಯುವ ಹೊತ್ತನ್ನು, ವಿಶೇಷವಾಗಿ ಭಾನುವಾರದ ಬೆಳಗ್ಗೆಯನ್ನು ಬಿಟ್ಟು ಹೋಗಿರಿ. ಬಾಗಿಲಲ್ಲಿರುವವರಲ್ಲಿ ಕೇಳಿ ಪ್ರವೇಶಿಸಿರಿ. ಮೈತುಂಬ ಬಟ್ಟೆ, ತಗ್ಗಿದ ಸ್ವರ ಇರಲಿ. ಪ್ರಾರ್ಥಿಸುತ್ತಿರುವವರ ಫೋಟೋ ತೆಗೆಯಬೇಡಿರಿ. ಬಿಜಾಪುರದ ಜಾಮಿಅ ಮಸೀದಿಗೆ ಬರುವ ಪ್ರವಾಸಿಗರು ಹೇಗಿರಬೇಕೆಂದು ನಾವು ಬಯಸುತ್ತೇವೋ ಇಲ್ಲಿ ನಾವು ಹಾಗಿರಬೇಕು.

2. ತಲೆಬಾಗುವುದು, ಬತ್ತಿ ಹಚ್ಚುವುದು, ಬಾಗಿಲ ಬಳಿಯ ಪವಿತ್ರ ಜಲವನ್ನು ಹಣೆಗೆ ಹಚ್ಚಿಕೊಳ್ಳುವುದು, ಶಿಲುಬೆಯ ಗುರುತು ಮಾಡುವುದು ಅವರ ಆರಾಧನೆಯ ಅಂಗಗಳು. ತಮಾಷೆಗೂ, ಫೋಟೋಕ್ಕೂ ಅವನ್ನು ಮಾಡಬಾರದು. ಪ್ರಸಾದದ ಸಾಲಿನಲ್ಲಿ ನಿಲ್ಲುವುದು ನಮ್ಮ ಈಮಾನಿಗೆ ಸಲ್ಲದು, ಅವರ ಭಾವನೆಗೂ ನೋವು.

3. ಅವರು ಪ್ರಾರ್ಥಿಸುವವುಗಳನ್ನು ನಿಂದಿಸಬೇಡಿರಿ. ಸೂರಃ ಅಲ್‌ಅನ್‌ಆಮ್‌ನ 108ನೆಯ ಸೂಕ್ತ ಇದನ್ನು ಸ್ಪಷ್ಟವಾಗಿ ನಿಷೇಧಿಸಿದೆ. ಅಜ್ಞಾನದಿಂದ ಅವರು ಅಲ್ಲಾಹನನ್ನೇ ನಿಂದಿಸುವಂತಾದೀತೆಂದು ಕಾರಣವನ್ನೂ ತಿಳಿಸಿದೆ.

4. ಒಳಗೆ ಹೋಗುವ ಮೊದಲೇ ಮಕ್ಕಳಿಗೆ ತಿಳಿಸಿ ಹೇಳಿರಿ. ಪ್ರ. ಈಸಾ(ಅ) ಅಲ್ಲಾಹನ ದಾಸರು ಮತ್ತು ಪ್ರವಾದಿ, ಹ. ಮರ್ಯಮ್(ಅ) ಪರಿಶುದ್ಧ ಸ್ತ್ರೀ, ಅವರಿಬ್ಬರನ್ನೂ ನಾವು ಪ್ರೀತಿಸುತ್ತೇವೆ, ಆದರೆ ಪ್ರಾರ್ಥಿಸುವುದು ಅಲ್ಲಾಹನನ್ನು ಮಾತ್ರ ಎಂದು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲಿನಲ್ಲಿ ಇಟಲಿಯ ಮೊಸ್ಕೇನಿ 1899ರಿಂದ 1901ರ ವರೆಗೆ ಬರೆದ ಚಿತ್ರಗಳು ಗೋಡೆ ಮತ್ತು ಛಾವಣಿಯನ್ನು ತುಂಬಿವೆ. ಮೊದಲೇ ತಿಳಿದ ಮಗು ಅಲ್ಲಿ ಗೊಂದಲಕ್ಕೊಳಗಾಗದು.

5. ನಮಾಝಿನ ಸಮಯವನ್ನು ಪ್ರವಾಸಕ್ಕೆ ಬಲಿಕೊಡಬೇಡಿರಿ. ಇಡೀ ಭೂಮಿಯನ್ನು ನಮಗೆ ಮಸೀದಿಯಾಗಿ ಮಾಡಲಾಗಿದೆ. ಮರದ ನೆರಳು ಸಾಕು. ಗೋವಾಕ್ಕೆ ಹೋದವರು ಫೋಂಡಾದಲ್ಲಿರುವ ಆದಿಲ್‌ಶಾಹಿ ಕಾಲದ ಸಫಾ ಮಸೀದಿಯನ್ನೂ ನೋಡಿ ಬರಲಿ.

6. ಹೆಸರು ಕೆತ್ತುವುದು, ಕಸ ಎಸೆಯುವುದು ಎಲ್ಲೂ ಬೇಡ. ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯಲ್ಲಿ ಹೇಮಾವತಿಯ ಹಿನ್ನೀರಿನೊಳಗೆ ನಿಂತಿರುವ ಪಾಳು ಇಗರ್ಜಿಯಂತೆ ಪೂಜೆ ನಿಂತುಹೋದ ಜಾಗಕ್ಕೂ ಇದು ಅನ್ವಯಿಸುತ್ತದೆ.

ಅಂದು ಸಂಜೆ ಅಸರ್ ನಮಾಝ್ ಮುಗಿಸಿ ಗೆಳೆಯರು ಮಗಳನ್ನು ಬಳಿಯಲ್ಲಿ ಕುಳ್ಳಿರಿಸಿಕೊಂಡರು. “ಮಗಳೇ, ತಪ್ಪು ನನ್ನದು. ಕೇಳುವುದಿದ್ದರೆ ಅಲ್ಲಾಹನಲ್ಲಿ ಕೇಳು. ಅದಕ್ಕೆ ಬತ್ತಿಯೂ ಬೇಡ, ಸಾಲೂ ಬೇಡ” ಎಂದರು. ಅವಳು ತಲೆಯಾಡಿಸಿದಳು. ಬಳಿಕ ನನ್ನ ಕಡೆಗೆ ತಿರುಗಿ, “ಮಾಮಾ, ಆ ಅಜ್ಜಿಗೆ ಬೇಸರವಾಯಿತಲ್ಲ?” ಎಂದಳು. ನಾನು ಎದ್ದು ಇಗರ್ಜಿಯ ಬಾಗಿಲ ತನಕ ಹೋದೆ. ಬೆಂಚು ಖಾಲಿಯಾಗಿತ್ತು.

ಕ್ಷಮೆ ಕೇಳಬೇಕಾದವರು ಎದ್ದು ಹೋಗುವ ಮೊದಲೇ ನಮ್ಮ ನಾಲಗೆಗೆ ಕಡಿವಾಣ ಬೀಳಲಿ. ಮಕ್ಕಳ ಕೈಗೆ ಬತ್ತಿ ಸೇರುವ ಮೊದಲೇ ಅವರ ಹೃದಯದಲ್ಲಿ ಏಕದೇವತ್ವದ ಬೆಳಕು ಬೆಳಗಲಿ. ವಿಶ್ವಾಸದಲ್ಲಿ ದೃಢರಾಗಿಯೂ ವರ್ತನೆಯಲ್ಲಿ ವಿನೀತರಾಗಿಯೂ ಇರುವ ಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.