ತಾಸು ಎಣಿಸೋದು ಇರಕಲ್ಲಗಡದಿಂದ

ತಂಗೀ, ವೀಸಾ ಸಿಕ್ಕಿದ್ದು ಕೇಳಿ ಭಾಳ ಖುಷಿ ಆತು. ‘17 ತಾಸಿನ್ಯಾಗ ಸ್ಯಾನ್‌ಫ್ರಾನ್ಸಿಸ್ಕೊ ಮುಟ್ತೀನಿ’ ಅಂತ ನಿಮ್ಮವ್ವಗ ಹೇಳೀಯಂತ. ಅದು ಬೆಂಗಳೂರಿನಿಂದ ಎಲ್ಲೂ ನಿಲ್ಲದ ವಿಮಾನ ಸಿಕ್ರ ಆಗೋ ಲೆಕ್ಕ. ನೀನು ತಾಸು ಎಣಿಸೋದು ನಮ್ಮೂರು ಇರಕಲ್ಲಗಡದ ಬಸ್ ಸ್ಟ್ಯಾಂಡಿನಿಂದ.

ಕೊಪ್ಪಳಕ್ಕ ಹೋಗಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದ್ರ ಒಂದು ರಾತ್ರಿ ಹೋತು. ಬೆಂಗಳೂರಿನ ಮೆಜೆಸ್ಟಿಕ್ಕಿನಿಂದ ದೇವನಹಳ್ಳಿ ಕಡೆ ವಿಮಾನ ನಿಲ್ದಾಣಕ್ಕ ಮತ್ತ 35 ಕಿಲೋಮೀಟರ್. ವಿಮಾನ ಬಿಡೂಕಿಂತ 3 ತಾಸು ಮೊದಲ ಟರ್ಮಿನಲ್ 2ರಾಗ ಇರಬೇಕು. ರೈಲು ತಡಾ ಆದ್ರ ವಿಮಾನ ಕಾಯಂಗಿಲ್ಲ. ಅದಕ್ಕ ಒಂದು ದಿನ ಮೊದಲ ಬೆಂಗಳೂರು ಸೇರಿಬಿಡು.

ಬೆಂಗಳೂರು, ಸ್ಯಾನ್‌ಫ್ರಾನ್ಸಿಸ್ಕೊ ನಡುವ ನೆಟ್ಟಗ ಅಳದ್ರ ಸುಮಾರು 14,000 ಕಿಲೋಮೀಟರ್. ಗೋಡಿ ಮ್ಯಾಲಿನ ನಕ್ಷಾ ನಂಬಬ್ಯಾಡ, ಗೋಲದ ಮ್ಯಾಲೆ ದಾರ ಹಿಡಿದು ನೋಡು, ಉತ್ತರ ಧ್ರುವದ ಹತ್ತರ ಹೋಗ್ತೈತಿ. 2021ರ ಜನವರಿ 9ರ ರಾತ್ರಿ ಸ್ಯಾನ್‌ಫ್ರಾನ್ಸಿಸ್ಕೊ ಬಿಟ್ಟ ಏರ್ ಇಂಡಿಯಾದ ಬೆಂಗಳೂರಿನ ಮೊದಲನೇ ನೇರ ವಿಮಾನಾನ ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತ ಆಕಿ ಜೊತಿ ಹೆಣ್ಮಕ್ಕಳು ಧ್ರುವ ದಾಟಿಸಿ, 11ರ ನಸುಕಿನ್ಯಾಗ ಬೆಂಗಳೂರಿಗೆ ಇಳಿಸಿದ್ರು. ಹಾರಿದ್ದು ಒಂದು ದಿನಕ್ಕಿಂತ ಕಡಿಮಿ, ದಾಟಿದ್ದು ಎರಡು ತಾರೀಖು. ನೀ ಹೋಗುಮುಂದ ಇದರ ಉಲ್ಟಾ: ಚಳಿಗಾಲದಾಗ ಮಧ್ಯಾಹ್ನ 2ಕ್ಕ ಹೊಂಟು 17 ತಾಸು ಹಾರಿದ್ರೂ ಅಲ್ಲಿ ಅದ ದಿನ ಸಂಜಿ ಐದೂವರಿ ಆಗಿರ್ತೈತಿ.

ನೇರ ವಿಮಾನ ಸಿಗದಿದ್ರ ದುಬೈ, ದೋಹಾ, ಫ್ರಾಂಕ್‌ಫರ್ಟಿನ್ಯಾಗ ಬದಲಿ ಮಾಡಬೇಕು, 20 ತಾಸು ದಾಟ್ತೈತಿ. ಕೊನೀತನಕ ಒಂದ ಟಿಕೆಟ್ ಮಾಡಿಸು. ಮೊದಲನೇದು ತಡಾ ಆಗಿ ಎರಡನೇದು ತಪ್ಪಿದ್ರ ಮುಂದಿನ ವಿಮಾನಕ್ಕ ಹತ್ತಿಸೋದು ಅವರ ಜವಾಬ್ದಾರಿ. ಬ್ಯಾರೆ ಬ್ಯಾರೆ ತಗೊಂಡ್ರ ನಷ್ಟ ನಿಂದ. ಅಮೆರಿಕದಾಗ ಮೊದಲು ಇಳಿಯೋ ಊರಾಗ ಇಮಿಗ್ರೇಷನ್, ಬ್ಯಾಗು ಬಿಡಿಸ್ಕೊಳ್ಳೋದು ಇರ್ತೈತಿ. ಅಲ್ಲಿಂದ ಇನ್ನೊಂದು ವಿಮಾನ ಇದ್ರ ನಡುವ 3 ತಾಸರ ಇರಲಿ.

ಕುಂತಲ್ಲೇ ಕುಂತು ಕಾಲು ಬಾವು ಬರಸ್ಕೋಬ್ಯಾಡ. ಆಗಾಗ ಎದ್ದು ಅಡ್ಡಾಡು, ನೀರು ಕುಡಿ. ಗುಳಗಿ, ಕಾಗದಪತ್ರ ಕೈಚೀಲದಾಗ ಇರಲಿ. ಕಟಕ ರೊಟ್ಟಿ, ಶೇಂಗಾ ಚಟ್ನಿ ಒಯ್ದಿದ್ರ ಕಸ್ಟಮ್ಸಿನವರು ಕೇಳಿದಾಗ ಮುಚ್ಚಿಡದ ಹೇಳು. ಮುಟ್ಟಿದ ಮ್ಯಾಲೆ ಹಗಲು ಮಲಗಬ್ಯಾಡ, ಬಿಸಿಲಾಗ ತಿರುಗಾಡು.

ಫೋನ್ ಮಾಡಾಕ ಒಂದು ಲೆಕ್ಕ ಹೇಳ್ತೀನಿ. ಚಳಿಗಾಲದಾಗ ಅವರ ಗಡಿಯಾರ ನಮಗಿಂತ ಹದಿಮೂರೂವರಿ ತಾಸು ಹಿಂದ. ಮಾರ್ಚದಿಂದ ನವೆಂಬರ್ ತನಕ ಹನ್ನೆರಡೂವರಿ. ನಿಮ್ಮವ್ವ ಇಲ್ಲಿ ಬೆಳಿಗ್ಗೆ 6ಕ್ಕ ಹಾಲು ಹಿಂಡುಮುಂದ, ಚಳಿಗಾಲದಾಗ ಅಲ್ಲಿ ಹಿಂದಿನ ದಿನದ ಸಂಜಿ ನಾಲ್ಕೂವರಿ. ಇಬ್ಬರಿಗೂ ಅನುಕೂಲ ಆಗೋ ಹೊತ್ತು ಅದು.

ಕಡೀ ಮಾತು. ಇಳಿಯೋ ಹೊತ್ತನ್ನ ನಿಮ್ಮವ್ವಗ ನಮ್ಮ ಗಡಿಯಾರದಾಗ ಹೇಳು, ಇಮಿಗ್ರೇಷನ್ ಸಾಲಿಗೆ ಮ್ಯಾಲೆ 2 ತಾಸು ಕೂಡಿಸಿ ಹೇಳು. ಅದಕ್ಕಿಂತ ಮೊದಲ ಫೋನ್ ಬಂದ್ರ ಸಂತೋಷ ಪಡ್ತಾಳ. ಹೇಳಿದ ಹೊತ್ತು ಮೀರಿದ್ರ ಮಾತ್ರ ಊರೆಲ್ಲಾ ಎಬ್ಬಿಸ್ತಾಳ.