ವ್ಯಸನಮುಕ್ತಿಯ ದಾರಿಯಲ್ಲಿ ಕೈತಪ್ಪುವ ಕಾನೂನು ರಕ್ಷಣೆ: ಹೆರಾಯಿನ್‌ಗೆ ಸಿಲುಕಿದ ಮಕ್ಕಳ ಹೆತ್ತವರು ತಿಳಿದಿರಬೇಕಾದ ಸಂಗತಿಗಳು

ಹದಿಹರೆಯದ ಮಗ ಅಥವಾ ಮಗಳು ಹೆರಾಯಿನ್ ಸೇವಿಸುತ್ತಿರುವುದು ಗೊತ್ತಾದಾಗ ಚಿಕಿತ್ಸೆ ಎಲ್ಲಿ ಕೊಡಿಸಬೇಕೆಂಬುದನ್ನು ಹೆತ್ತವರು ವೈದ್ಯಕೀಯ ಪ್ರಶ್ನೆಯೆಂದೋ, ಹಣದ ಪ್ರಶ್ನೆಯೆಂದೋ, ಮನೆತನದ ಮರ್ಯಾದೆಯ ಪ್ರಶ್ನೆಯೆಂದೋ ಭಾವಿಸುತ್ತಾರೆಯೇ ಹೊರತು, ಮುಂದೊಂದು ದಿನ ಆ ಮಗುವಿನ ಮೇಲೆ ಮೊಕದ್ದಮೆ ಬಿದ್ದರೆ ಅದು ಯಾವ ಕಡೆಗೆ ತಿರುಗುತ್ತದೆ ಎಂಬುದು ಬಹುಮಟ್ಟಿಗೆ ಈ ಒಂದು ತೀರ್ಮಾನದ ಮೇಲೆಯೇ ನಿಂತಿದೆ ಎಂಬುದನ್ನು ಅವರು ಅರಿತಿರುವುದಿಲ್ಲ. ವಕೀಲರ ಕಚೇರಿಗೆ ಬರುವ ವೇಳೆಗೆ ಇಂತಹ ಕುಟುಂಬಗಳು ಸಾಮಾನ್ಯವಾಗಿ ಉಳಿತಾಯವನ್ನೆಲ್ಲ ಕಳೆದುಕೊಂಡಿರುತ್ತವೆ, ಮಗು ಮತ್ತೆ ವ್ಯಸನಕ್ಕೆ ಮರಳಿರುತ್ತದೆ, ಮತ್ತು ಚಿಕಿತ್ಸೆ ನಡೆದಿತ್ತೆಂದು ತೋರಿಸಲು ಒಂದೇ ಒಂದು ನಂಬಲರ್ಹ ಕಾಗದವೂ ಇರುವುದಿಲ್ಲ.

ಇದು ಎಲ್ಲೋ ಒಂದೆರಡು ಮನೆಗಳ ಸಂಕಟವಲ್ಲ. ಶಾಲಾ ಮಕ್ಕಳಲ್ಲಿ ಮಾದಕ ವಸ್ತುಗಳ ಬಳಕೆಯ ಬಗ್ಗೆ ರಾಷ್ಟ್ರಮಟ್ಟದ ಸಮೀಕ್ಷೆ ನಡೆಸುವಂತೆ ಸುಪ್ರೀಂ ಕೋರ್ಟ್ 2016ರ ಡಿಸೆಂಬರ್‌ನಲ್ಲಿ ನಿರ್ದೇಶಿಸಿತು; 2019ರಲ್ಲಿ ಪ್ರಕಟವಾದ ಸಮೀಕ್ಷೆಯ ವರದಿಯು ಹತ್ತರಿಂದ ಹದಿನೇಳು ವರ್ಷದ ಮಕ್ಕಳಲ್ಲಿ ಶೇ 1.8ರಷ್ಟು ಮಂದಿ ಅಫೀಮು ವರ್ಗದ ವಸ್ತುಗಳನ್ನು, ಅಂದರೆ ಅಫೀಮು, ಹೆರಾಯಿನ್ ಮತ್ತು ಅದೇ ಗುಣದ ನೋವುನಿವಾರಕ ಔಷಧಗಳನ್ನು, ಬಳಸುತ್ತಿದ್ದರೆಂದು ಅಂದಾಜು ಮಾಡಿತು.

ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದರೆ ವೈದ್ಯರೇ ಪೊಲೀಸರಿಗೆ ತಿಳಿಸುತ್ತಾರೆ ಎಂಬ ಅಂಜಿಕೆ ಹೆತ್ತವರಲ್ಲಿ ಬಲವಾಗಿ ಬೇರೂರಿದೆ, ಮತ್ತು ಈ ಅಂಜಿಕೆಯನ್ನೇ ಬಂಡವಾಳ ಮಾಡಿಕೊಂಡವರು ಅದನ್ನು ಇನ್ನಷ್ಟು ಬೆಳೆಸುತ್ತಾರೆ. ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017, ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ಮಾನಸಿಕ ಅನಾರೋಗ್ಯದ ವ್ಯಾಖ್ಯೆಯೊಳಗೆ ತಂದಿರುವುದರಿಂದ, ವ್ಯಸನಕ್ಕೆ ಚಿಕಿತ್ಸೆ ಪಡೆಯುವ ಮಗು ಕಾನೂನಿನ ಕಣ್ಣಿನಲ್ಲಿ ರೋಗಿ, ಮತ್ತು ಅದೇ ಅಧಿನಿಯಮದ 23ನೇ ಕಲಂ ಪ್ರಕಾರ ರೋಗಿಯ ವಿವರಗಳನ್ನು ಗೋಪ್ಯವಾಗಿಡುವುದು ವೈದ್ಯರ ಕರ್ತವ್ಯ. ನ್ಯಾಯಾಲಯದ ಆದೇಶ, ಇತರರ ಪ್ರಾಣಕ್ಕೆ ಅಪಾಯ ಮುಂತಾದ ಕೆಲವು ಅಪವಾದಗಳಿವೆ. ಅತಿಸೇವನೆಯಿಂದ ಪ್ರಜ್ಞೆ ತಪ್ಪಿದ ಮಗುವನ್ನು ತುರ್ತು ವಿಭಾಗಕ್ಕೆ ತಂದಾಗ ಆಸ್ಪತ್ರೆ ಅದನ್ನು ಪೊಲೀಸರಿಗೆ ತಿಳಿಸಬೇಕಾದ ಪ್ರಕರಣವೆಂದು ದಾಖಲಿಸಲೂಬಹುದು. ಆದರೆ ಆ ಭಯದಿಂದ 108 ಆಂಬುಲೆನ್ಸ್ ಕರೆಯಲು ಹಿಂಜರಿದು ಕಳೆಯುವ ಅರ್ಧ ಗಂಟೆಯಲ್ಲಿ ಉಸಿರಾಟವೇ ನಿಂತುಹೋಗಬಹುದು. ಔಪಚಾರಿಕತೆಗಳಿಗಾಗಿ ಕಾಯದೆ ಪ್ರಾಣರಕ್ಷಣೆಯ ಚಿಕಿತ್ಸೆ ನೀಡುವುದು ಪ್ರತಿಯೊಬ್ಬ ವೈದ್ಯನ ಹೊಣೆಯೆಂದು ಸುಪ್ರೀಂ ಕೋರ್ಟ್ 1989ರ ಪರಮಾನಂದ ಕಟಾರಾ ತೀರ್ಪಿನಲ್ಲಿಯೇ ಹೇಳಿದೆ.

ಎನ್‌ಡಿಪಿಎಸ್ ಕಾಯ್ದೆ ಎಂದೇ ಎಲ್ಲರಿಗೂ ಪರಿಚಿತವಾದ 1985ರ ಮಾದಕ ವಸ್ತುಗಳ ಅಧಿನಿಯಮದಲ್ಲಿ ಹೆರಾಯಿನ್ ಸೇವನೆಗೆ 27ನೇ ಕಲಂ ಅಡಿಯಲ್ಲಿ ಒಂದು ವರ್ಷದವರೆಗಿನ ಕಠಿಣ ಸಜೆ ಅಥವಾ 20,000 ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ವಿಧಿಸಬಹುದು. ಬಳಿಯಲ್ಲಿ ಸಿಕ್ಕ ಹೆರಾಯಿನ್ ಐದು ಗ್ರಾಂಗಿಂತ ಕಡಿಮೆ ಇದ್ದರೆ ಅದು ಕಾಯ್ದೆಯ ಮಾತಿನಲ್ಲಿ ‘ಅಲ್ಪ ಪ್ರಮಾಣ’. 250 ಗ್ರಾಂ ಮೀರಿದರೆ ‘ವಾಣಿಜ್ಯ ಪ್ರಮಾಣ’, ಅದಕ್ಕೆ ಕನಿಷ್ಠ ಹತ್ತು ವರ್ಷದ ಸಜೆ. ಇಲ್ಲೊಂದು ಎಚ್ಚರಿಕೆ ಅಗತ್ಯ: ಬ್ರೌನ್ ಶುಗರ್ ಎಂದು ಮಾರಾಟವಾಗುವ ಪುಡಿಯಲ್ಲಿ ಕಲಬೆರಕೆಯೇ ಹೆಚ್ಚಿದ್ದರೂ, ಹೀರಾ ಸಿಂಗ್ ಪ್ರಕರಣದಲ್ಲಿ 2020ರಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನ ಪ್ರಕಾರ ಕಲಬೆರಕೆಯೂ ಸೇರಿದ ಒಟ್ಟು ತೂಕವನ್ನೇ ಲೆಕ್ಕಕ್ಕೆ ಹಿಡಿಯಲಾಗುತ್ತದೆ. ಆದ್ದರಿಂದ ಅಸಲಿ ಹೆರಾಯಿನ್ ಒಂದು ಗ್ರಾಂ ಕೂಡ ಇಲ್ಲದ ಆರು ಗ್ರಾಂ ಪುಡಿಯ ಪೊಟ್ಟಣವೂ ಅಲ್ಪ ಪ್ರಮಾಣದ ಗೆರೆಯನ್ನು ದಾಟುತ್ತದೆ. ಆ ಗೆರೆ ದಾಟಿದರೆ ಮುಂದೆ ವಿವರಿಸುವ ರಕ್ಷಣೆಯೂ ದೊರೆಯುವುದಿಲ್ಲ.

ಆ ರಕ್ಷಣೆ ಇರುವುದು ಇದೇ ಕಾಯ್ದೆಯ 64ಎ ಕಲಂನಲ್ಲಿ. ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿಯು ಸ್ವಇಚ್ಛೆಯಿಂದ ಚಿಕಿತ್ಸೆಗೆ ಮುಂದೆ ಬಂದು ಅದನ್ನು ಪಡೆದರೆ ಆ ಆರೋಪಕ್ಕಾಗಿ ಅವನನ್ನು ವಿಚಾರಣೆಗೆ ಗುರಿಪಡಿಸುವಂತಿಲ್ಲ ಎಂದು ಅದು ಹೇಳುತ್ತದೆ. ರಕ್ಷಣೆ ತಾನಾಗಿಯೇ ಒದಗುವುದಿಲ್ಲ. ದಾಖಲೆಗಳೊಡನೆ ಅರ್ಜಿ ಸಲ್ಲಿಸಿ ಕೇಳಬೇಕು, ಏಕೆಂದರೆ ಇಂಥದೊಂದು ಕಲಂ ಇದೆಯೆಂದು ಠಾಣೆಯಲ್ಲಿ ಹೆತ್ತವರಿಗೆ ತಿಳಿಸುವ ಅಧಿಕಾರಿಗಳು ವಿರಳ, ಮತ್ತು ಕಾನೂನಿನ ಅನುಷ್ಠಾನಕ್ಕೆಂದೇ ಸಂಬಳ ಪಡೆಯುವವರ ಈ ಮೌನ ಕ್ಷಮೆಗೆ ಅರ್ಹವಲ್ಲ.

ಬಹುಪಾಲು ಕುಟುಂಬಗಳು ಮುಗ್ಗರಿಸುವುದು ಈ ಕಲಂನ ಒಂದು ಷರತ್ತಿನಲ್ಲಿ. ಚಿಕಿತ್ಸೆ ನಡೆಯಬೇಕಾದದ್ದು ಸರ್ಕಾರ ಅಥವಾ ಸ್ಥಳೀಯ ಪ್ರಾಧಿಕಾರ ನಡೆಸುವ ಅಥವಾ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ಅಥವಾ ಸಂಸ್ಥೆಯಲ್ಲಿ. ಮನೆ ಬಾಗಿಲಿಗೆ ವ್ಯಾನ್ ಕಳಿಸಿ ಮಗುವನ್ನು ಕೈಕಾಲು ಕಟ್ಟಿ ಎತ್ತಿಕೊಂಡು ಹೋಗುವ, ಮುಂಗಡ ಹಣ ಪಡೆದು ರಸೀದಿಯನ್ನೂ ಕೊಡದ ಖಾಸಗಿ ಕೇಂದ್ರಗಳಲ್ಲಿ ಕಳೆದ ತಿಂಗಳುಗಳು 64ಎ ಕಲಂನ ಲೆಕ್ಕಕ್ಕೆ ಬರುವುದಿಲ್ಲ. ರೋಗಿಯೊಬ್ಬನನ್ನು ಸೇರಿಸಿದ್ದಕ್ಕೆ ಇಷ್ಟೆಂದು ಕಮಿಷನ್ ಪಡೆಯುವ ದಲ್ಲಾಳಿಗಳು ಆಸ್ಪತ್ರೆಗಳ ಆವರಣದಲ್ಲಿಯೇ ಸುಳಿದಾಡುತ್ತಾರೆ. ಸರ್ಕಾರಿ ಆಸ್ಪತ್ರೆಗೆ ಹೋದರೆ ಹೆಸರು ಹೊರಬರುತ್ತದೆ, ಇಲ್ಲಿ ಎಲ್ಲವೂ ಗುಟ್ಟು ಎಂಬ ಅವರ ಮಾತಿಗೆ ಮರುಳಾಗಿ ಹೆತ್ತವರು ಒಡವೆ ಅಡವಿಟ್ಟು ಹಣ ಹೊಂದಿಸುತ್ತಾರೆ. ‘ಸರ್ಕಾರದಿಂದ ನೋಂದಾಯಿತ’ ಎಂದು ಫಲಕ ಹಾಕಿಕೊಂಡ ಕೇಂದ್ರ ತೋರಿಸುವ ಪ್ರಮಾಣಪತ್ರವನ್ನು ಓದಿ ನೋಡಿದರೆ ಅದು ಎಷ್ಟೋ ಬಾರಿ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಅಡಿಯಲ್ಲಿ ಪಡೆದದ್ದಾಗಿರುತ್ತದೆ. ಯುವಕ ಸಂಘಕ್ಕೂ ಭಜನಾ ಮಂಡಳಿಗೂ ಸಿಗುವ ಆ ನೋಂದಣಿಗೂ ಚಿಕಿತ್ಸೆ ನೀಡುವ ಅಧಿಕಾರಕ್ಕೂ ಯಾವ ಸಂಬಂಧವೂ ಇಲ್ಲ. ಕೇಳಿ ನೋಡಬೇಕಾದದ್ದು ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿಯನ್ನು. ಅದಿದ್ದ ಮಾತ್ರಕ್ಕೆ 64ಎ ಕಲಂ ಹೇಳುವ ಸರ್ಕಾರಿ ಮಾನ್ಯತೆಯೂ ಇದೆಯೆಂದು ತೀರ್ಮಾನಿಸಿಬಿಡುವುದು ಸರಿಯಲ್ಲ. ಆದುದರಿಂದ ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್, ಜಿಲ್ಲಾ ಆಸ್ಪತ್ರೆಗಳು ಮತ್ತು ಸರ್ಕಾರಿ ವೈದ್ಯಕೀಯ ಕಾಲೇಜುಗಳ ಮನೋವೈದ್ಯಕೀಯ ವಿಭಾಗಗಳು, ಕೇಂದ್ರ ಸರ್ಕಾರದ ಅನುದಾನದಿಂದ ನಡೆಯುವ ಸಮಗ್ರ ಪುನರ್ವಸತಿ ಕೇಂದ್ರಗಳು ಇವುಗಳಲ್ಲೊಂದನ್ನು ಆರಿಸಿಕೊಳ್ಳುವುದೇ ಕ್ಷೇಮ. ಹತ್ತಿರದ ಕೇಂದ್ರ ಯಾವುದೆಂದು 14446 ಸಂಖ್ಯೆಯ ಉಚಿತ ಸಹಾಯವಾಣಿಯಲ್ಲಿ ವಿಚಾರಿಸಬಹುದು.

ಕೇಂದ್ರದ ಯೋಗ್ಯತೆಯನ್ನು ಅಳೆಯಲು ಇನ್ನೊಂದು ಸರಳ ಪರೀಕ್ಷೆಯಿದೆ. ಹದಿನೆಂಟು ತುಂಬದ ಮಗುವನ್ನು ಒಳರೋಗಿಯಾಗಿ ಸೇರಿಸಿಕೊಳ್ಳುವ ಕ್ರಮವನ್ನು 2017ರ ಅಧಿನಿಯಮದ 87ನೇ ಕಲಂ ವಿವರವಾಗಿ ಹೇಳುತ್ತದೆ: ‘ನಾಮನಿರ್ದೇಶಿತ ಪ್ರತಿನಿಧಿ’ ಎನಿಸುವ ತಂದೆತಾಯಿ ಅರ್ಜಿ ಕೊಡಬೇಕು, ಒಬ್ಬ ಮನೋವೈದ್ಯರೂ ಸೇರಿದಂತೆ ಇಬ್ಬರು ತಜ್ಞರು ಪ್ರತ್ಯೇಕವಾಗಿ ಪರೀಕ್ಷಿಸಿರಬೇಕು, ಮಗುವನ್ನು ವಯಸ್ಕರಿಂದ ಬೇರೆಯಾಗಿಡಬೇಕು, 72 ಗಂಟೆಯೊಳಗೆ ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಗೆ ತಿಳಿಸಬೇಕು, ಮತ್ತು ಮಗು ಒಳಗಿರುವಷ್ಟು ಕಾಲವೂ ಪ್ರತಿನಿಧಿ ಅಥವಾ ಅವರು ನೇಮಿಸಿದ ಸಹಾಯಕರು ಜೊತೆಯಲ್ಲಿರಬೇಕು. ಹಾಗಿರುವಾಗ ಮೊದಲ ಮೂರು ತಿಂಗಳು ಹೆತ್ತವರು ಮಗುವಿನ ಮುಖ ನೋಡಕೂಡದೆಂದು ಹೇಳುವ ಕೇಂದ್ರವು ಬಾಗಿಲಿನಲ್ಲಿಯೇ ಕಾನೂನನ್ನು ಮುರಿಯುತ್ತಿದೆ. ತಲೆ ಬೋಳಿಸುವುದು, ಸರಪಳಿ ಹಾಕುವುದು, ಕೂಲಿಯಿಲ್ಲದೆ ಬಲವಂತವಾಗಿ ದುಡಿಸುವುದು ಎಲ್ಲವೂ ಈ ಅಧಿನಿಯಮದಲ್ಲಿ ನಿಷಿದ್ಧ. ಆರು ತಿಂಗಳಿಗೆ ಮುಂಚೆ ಕರೆದೊಯ್ಯುವಂತಿಲ್ಲವೆಂದು ಬರೆಸಿಕೊಂಡ ಒಪ್ಪಂದಕ್ಕೂ ಬೆಲೆಯಿಲ್ಲ, ಏಕೆಂದರೆ ಪ್ರತಿನಿಧಿಯು ಬಿಡುಗಡೆ ಕೇಳಿದರೆ ಮಗುವನ್ನು ಬಿಡಲೇಬೇಕೆಂದು ಇದೇ 87ನೇ ಕಲಂ ಹೇಳುತ್ತದೆ. ಬಿಡದಿದ್ದರೆ ಪುನರ್ವಿಮರ್ಶಾ ಮಂಡಳಿಗೆ ದೂರು ಕೊಡಬಹುದು. ಪ್ರಾಣಕ್ಕೆ ಅಪಾಯವೆನಿಸಿದರೆ ದೂರಿನ ಉತ್ತರಕ್ಕೆ ಕಾಯದೆ ತುರ್ತು ಸಂಖ್ಯೆ 112ಕ್ಕೂ ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಬೇಕು.

ಸರಿಯಾದ ಸಂಸ್ಥೆಗೆ ಸೇರಿಸಿದ ಮೇಲೂ ಕೆಲಸ ಮುಗಿಯುವುದಿಲ್ಲ. ಚಿಕಿತ್ಸೆಯನ್ನು ಪೂರ್ಣಗೊಳಿಸದಿದ್ದರೆ ರಕ್ಷಣೆಯನ್ನು ಹಿಂದಕ್ಕೆ ಪಡೆಯಬಹುದೆಂದು 64ಎ ಕಲಂ ಹೇಳುತ್ತದೆ, ಆದರೆ ಹೆರಾಯಿನ್ ವ್ಯಸನ ಒಂದೇ ಸಲಕ್ಕೆ ಬಿಟ್ಟುಹೋಗುವ ರೋಗವಲ್ಲವೆಂಬುದು ಅದನ್ನು ಹತ್ತಿರದಿಂದ ಕಂಡ ಪ್ರತಿಯೊಬ್ಬ ತಾಯಿಗೂ ಗೊತ್ತು. ಸೇವನೆ ನಿಂತಾಗ ಕಾಣಿಸುವ ಮೈಕೈ ನೋವು, ವಾಂತಿ, ಭೇದಿ, ನಿದ್ರಾಹೀನತೆ ಮೊದಲಾದವು ಕೆಲವೇ ದಿನಗಳಲ್ಲಿ ಇಳಿಯುತ್ತವೆ. ಮಗು ಗುಣವಾಯಿತೆಂದು ಆಗಲೇ ಮನೆಗೆ ಕರೆತರುವ ಕುಟುಂಬ ಎರಡು ಅಪಾಯಗಳಿಗೆ ಒಡ್ಡಿಕೊಳ್ಳುತ್ತದೆ. ಒಂದು, ದೇಹವು ಹಿಂದಿನ ಪ್ರಮಾಣವನ್ನು ತಾಳಿಕೊಳ್ಳುವ ಶಕ್ತಿಯನ್ನು ಕಳೆದುಕೊಂಡಿರುವುದರಿಂದ, ಮತ್ತೆ ಮೊದಲಿನಷ್ಟೇ ಸೇವಿಸಿದರೆ ಅದು ಸಾವಿಗೆ ಕಾರಣವಾಗಬಹುದು. ಇನ್ನೊಂದು, ವೈದ್ಯರ ಸಲಹೆಗೆ ವಿರುದ್ಧವಾಗಿ ಬಿಡಿಸಿಕೊಂಡು ಹೋದರೆಂದು ಆಸ್ಪತ್ರೆಯ ಕಡತದಲ್ಲಿ ಉಳಿಯುವ ಒಂದು ಸಾಲು, ಚಿಕಿತ್ಸೆ ಅಪೂರ್ಣವೆಂಬುದಕ್ಕೆ ಮುಂದೆ ಸಾಕ್ಷಿಯಾಗುತ್ತದೆ. ಬ್ಯುಪ್ರೆನಾರ್ಫಿನ್ ಮುಂತಾದ ಬದಲಿ ಔಷಧಗಳನ್ನು ವೈದ್ಯರು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಮುಂದುವರಿಸುತ್ತಾರೆ. ಒಂದು ಚಟ ಬಿಡಿಸಿ ಇನ್ನೊಂದು ಅಂಟಿಸುತ್ತಾರೆಂಬ ನೆಂಟರ ಮಾತು ಕೇಳಿ ಅದನ್ನು ನಿಲ್ಲಿಸುವುದು ವೈದ್ಯಕೀಯವಾಗಿಯೂ ಕಾನೂನಿನ ದೃಷ್ಟಿಯಿಂದಲೂ ತಪ್ಪು.

ಮರುಕಳಿಕೆ, ಅಂದರೆ ಬಿಟ್ಟ ಚಟಕ್ಕೆ ಮತ್ತೆ ಮರಳುವುದು, ಘಟಿಸಿದಾಗ ನಾಚಿಕೆಯಿಂದ ಹೊಸ ಆಸ್ಪತ್ರೆ ಹುಡುಕದೆ ಮೊದಲಿನ ಆಸ್ಪತ್ರೆಗೇ ಹೋಗಿ ಅದೇ ಕಡತದಲ್ಲಿ ದಾಖಲು ಮಾಡಿಸುವುದು ಉತ್ತಮ. ಚಿಕಿತ್ಸೆ ಕಡಿದುಹೋಗಲಿಲ್ಲ, ಮುಂದುವರಿಯುತ್ತಲೇ ಇತ್ತು ಎಂದು ವಕೀಲರು ವಾದಿಸಲು ಆ ದಾಖಲೆಯೇ ಆಧಾರ. ರಕ್ಷಣೆಯನ್ನು ಹಿಂಪಡೆಯಬಹುದು ಎಂದಷ್ಟೇ ಕಾಯ್ದೆ ಹೇಳುತ್ತದೆ, ಹಿಂಪಡೆಯಲೇಬೇಕೆಂದಲ್ಲ. ಒಳರೋಗಿ ಚೀಟಿ, ಡಿಸ್ಚಾರ್ಜ್ ಸಮ್ಮರಿ, ಪ್ರತಿ ಭೇಟಿಯ ಹೊರರೋಗಿ ಚೀಟಿ, ಮೂತ್ರಪರೀಕ್ಷೆಯ ವರದಿ, ಔಷಧದ ಬಿಲ್ಲು ಇವುಗಳಲ್ಲಿ ಯಾವುದನ್ನೂ ಎಸೆಯಬಾರದು, ಮೂಲಪ್ರತಿಯನ್ನು ಯಾರ ಕೈಗೂ ಕೊಡಬಾರದು. ವಿಮೆಯ ವಿಷಯದಲ್ಲಿ ಹೆಚ್ಚಿನ ಭರವಸೆ ಇಟ್ಟುಕೊಳ್ಳುವಂತಿಲ್ಲ: ಮಾನಸಿಕ ಅನಾರೋಗ್ಯಕ್ಕೂ ದೈಹಿಕ ಅನಾರೋಗ್ಯದಂತೆಯೇ ವಿಮೆ ಒದಗಿಸಬೇಕೆಂದು 2017ರ ಅಧಿನಿಯಮ ಹೇಳಿದರೂ ವ್ಯಸನದ ಚಿಕಿತ್ಸೆಯನ್ನು ಹೊರಗಿಡುವ ಷರತ್ತು ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಇರುತ್ತದೆ, ನಿರಾಕರಣೆಯನ್ನು ಲಿಖಿತವಾಗಿ ಪಡೆದು ವಿಮಾ ಒಂಬುಡ್ಸ್‌ಮನ್ ಬಳಿ ದೂರು ಸಲ್ಲಿಸಬಹುದು.

ಮಗು ಪೊಲೀಸರ ಕೈಗೆ ಸಿಕ್ಕಿದಾಗ ಮೊದಲು ಬೇಕಾಗುವುದು ವಯಸ್ಸಿನ ದಾಖಲೆ, ಅಂದರೆ ಶಾಲೆಯ ಜನ್ಮದಿನಾಂಕ ಪ್ರಮಾಣಪತ್ರ ಅಥವಾ ಹತ್ತನೇ ತರಗತಿಯ ಅಂಕಪಟ್ಟಿ, ಅವಿಲ್ಲದಿದ್ದರೆ ಪಾಲಿಕೆ ಅಥವಾ ಪಂಚಾಯಿತಿಯ ಜನನ ಪ್ರಮಾಣಪತ್ರ. ಕೃತ್ಯ ನಡೆದ ದಿನ ಹದಿನೆಂಟು ತುಂಬಿರದಿದ್ದರೆ 2015ರ ಬಾಲ ನ್ಯಾಯ ಅಧಿನಿಯಮ ಅನ್ವಯವಾಗುತ್ತದೆ: ಲಾಕಪ್‌ನಲ್ಲಿ ಇಡುವಂತಿಲ್ಲ, ಬೇಡಿ ಹಾಕುವಂತಿಲ್ಲ, ಹೇಳಿಕೆಗೆ ಸಹಿ ಮಾಡಿಸುವಂತಿಲ್ಲ, 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ, ಎಂದರೆ ಒಬ್ಬ ಮ್ಯಾಜಿಸ್ಟ್ರೇಟ್ ಮತ್ತು ಇಬ್ಬರು ಸಮಾಜ ಕಾರ್ಯಕರ್ತರಿರುವ ಪೀಠದ ಮುಂದೆ, ಹಾಜರುಪಡಿಸಬೇಕು. ಸೇವನೆ ಮತ್ತು ಅಲ್ಪ ಪ್ರಮಾಣದ ಆರೋಪಗಳು ಈ ಅಧಿನಿಯಮದ ಪ್ರಕಾರ ‘ಸಣ್ಣ ಅಪರಾಧ’ಗಳಾದುದರಿಂದ, ವಯಸ್ಕರೊಡನೆ ಸೇರಿ ಮಾಡಿದ ಆರೋಪವಿಲ್ಲದಿದ್ದರೆ ಎಫ್‌ಐಆರ್ ಕೂಡ ದಾಖಲಾಗಬಾರದು, ಠಾಣೆಯ ದಿನಚರಿಯಲ್ಲಿ ನಮೂದಿಸಿ ಮಗುವಿನ ಸಾಮಾಜಿಕ ಹಿನ್ನೆಲೆಯ ವರದಿಯೊಡನೆ ಮಂಡಳಿಗೆ ಕಳಿಸಬೇಕು. ಇದನ್ನು ತಿಳಿಯದ ಹೆತ್ತವರೆದುರು ಎಫ್‌ಐಆರ್ ಹಾಕದಿರಲು ಇಷ್ಟು ಎಂದು ದರ ಹೇಳುವ ಮಧ್ಯವರ್ತಿಗಳಿದ್ದಾರೆ. ಕಾನೂನೇ ಬೇಡವೆಂದಿರುವ ಕಾಗದವನ್ನು ಬರೆಯದಿರುವುದಕ್ಕೆ ಹಣ ಕೀಳುವುದು ಹಗಲುದರೋಡೆ. ಬಲವಂತಕ್ಕೆ ಲಂಚ ಕೊಟ್ಟವರು ಏಳು ದಿನದೊಳಗೆ ದೂರು ಕೊಟ್ಟರೆ ಅವರಿಗೆ ಭ್ರಷ್ಟಾಚಾರ ತಡೆ ಕಾಯ್ದೆಯ 8ನೇ ಕಲಂನಲ್ಲಿ ರಕ್ಷಣೆಯಿದೆ, ಮತ್ತು ಕರ್ನಾಟಕದಲ್ಲಿ ಆ ದೂರನ್ನು ಲೋಕಾಯುಕ್ತ ಪೊಲೀಸರಿಗೆ ಕೊಡಬಹುದು.

ಜಾಮೀನು ಮಗುವಿನ ವಿಷಯದಲ್ಲಿ ನಿಯಮ, ನಿರಾಕರಣೆ ಅಪವಾದ. ಆದರೆ ಬಿಟ್ಟರೆ ಮಗು ದೈಹಿಕ ಅಥವಾ ಮಾನಸಿಕ ಅಪಾಯಕ್ಕೆ ಒಳಗಾಗಬಹುದೆಂಬ ಕಾರಣಕ್ಕೆ ಮಂಡಳಿ ಜಾಮೀನು ನಿರಾಕರಿಸಬಹುದಾಗಿದ್ದು, ವ್ಯಸನವನ್ನೇ ಆ ಅಪಾಯವೆಂದು ತೋರಿಸುವ ಸಾಧ್ಯತೆ ಹೆಚ್ಚು. ಆಸ್ಪತ್ರೆಯಲ್ಲಿ ಹಾಸಿಗೆ ಗೊತ್ತಾಗಿರುವ ಪತ್ರ ಮತ್ತು ವೈದ್ಯರ ಚಿಕಿತ್ಸಾ ಯೋಜನೆಯನ್ನು ಮೊದಲ ದಿನವೇ ಸಲ್ಲಿಸಿದರೆ ಆ ವಾದಕ್ಕೆ ಉತ್ತರ ಸಿದ್ಧವಿರುತ್ತದೆ. ಪೊಟ್ಟಣ ತಲುಪಿಸುವ ಕೆಲಸಕ್ಕೆ ಮಗುವನ್ನು ಬಳಸಿಕೊಂಡಿದ್ದರೆ, ಹಾಗೆ ಬಳಸಿಕೊಂಡವನಿಗೆ ಏಳು ವರ್ಷದವರೆಗೆ ಸಜೆ ವಿಧಿಸುವ ಬಾಲ ನ್ಯಾಯ ಅಧಿನಿಯಮದ 78ನೇ ಕಲಂ ಅನ್ವಯಿಸಬೇಕೆಂದು ಲಿಖಿತವಾಗಿ ಕೇಳಿ ಸ್ವೀಕೃತಿ ಪಡೆಯಬೇಕು. ಬಾಯಿಮಾತಿನ ಮನವಿ ಕಡತಕ್ಕೆ ಸೇರುವುದಿಲ್ಲ. ವಕೀಲರ ಶುಲ್ಕ ಭರಿಸಲಾಗದೆಂದು ಸುಮ್ಮನಾಗುವ ಕಾರಣವೂ ಇಲ್ಲ, ಏಕೆಂದರೆ ಆದಾಯ ಎಷ್ಟೇ ಇದ್ದರೂ ಮಕ್ಕಳಿಗೆ ಕಾನೂನು ಸೇವಾ ಪ್ರಾಧಿಕಾರದ ಉಚಿತ ನೆರವು ದೊರೆಯುತ್ತದೆ. ಅದರ ಸಹಾಯವಾಣಿ 15100.

ಹದಿನೆಂಟು ತುಂಬಿದ ಮೇಲೆ ನಡೆದ ಕೃತ್ಯಕ್ಕೆ ಬಾಲ ನ್ಯಾಯ ಅಧಿನಿಯಮದ ರಕ್ಷಣೆ ಇಲ್ಲ. ಆಗ ಉಳಿಯುವುದು ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ, ಮತ್ತು ಶಿಕ್ಷೆಯಾದರೆ ಜೈಲಿನ ಬದಲು ಮುಚ್ಚಳಿಕೆ ಬರೆಸಿಕೊಂಡು ಚಿಕಿತ್ಸೆಗೆ ಕಳಿಸಲು ನ್ಯಾಯಾಲಯಕ್ಕೆ ಅವಕಾಶ ನೀಡುವ ಅದೇ ಕಾಯ್ದೆಯ 39ನೇ ಕಲಂ. ಬಾಲ್ಯದಲ್ಲಿಯೇ ಮುಗಿದ ಪ್ರಕರಣದ ವಿವರಗಳನ್ನು ನಡತೆ ಪ್ರಮಾಣಪತ್ರಕ್ಕಾಗಿ ಪೊಲೀಸರು ಬಹಿರಂಗಪಡಿಸಬಾರದೆಂದು ಬಾಲ ನ್ಯಾಯ ಅಧಿನಿಯಮದ 74ನೇ ಕಲಂ ಸ್ಪಷ್ಟವಾಗಿ ಹೇಳಿದ್ದರೂ, ಪಾಸ್‌ಪೋರ್ಟ್ ಅಥವಾ ನೌಕರಿಯ ಪರಿಶೀಲನೆಗೆ ಬಂದ ಸಿಬ್ಬಂದಿ ಹಳೆಯ ದಿನಚರಿಯನ್ನು ಕೆದಕುವ ಸಂಭವ ಇದ್ದೇ ಇರುತ್ತದೆ. ಆದ್ದರಿಂದ ಪ್ರಕರಣ ಮುಕ್ತಾಯವಾದ ಕೂಡಲೇ ಮಂಡಳಿಯ ಅಂತಿಮ ಆದೇಶದ ದೃಢೀಕೃತ ನಕಲಿಗೆ ಅರ್ಜಿ ಹಾಕಿ ಪಡೆದುಕೊಂಡು, ಚಿಕಿತ್ಸೆಯ ದಾಖಲೆಗಳಿಂದ ಪ್ರತ್ಯೇಕವಾಗಿ ಇಡಬೇಕು, ಏಕೆಂದರೆ ಪರಿಶೀಲನೆಗೆ ಬಂದವರಿಗೆ ತೋರಿಸಬೇಕಾಗಿ ಬಂದರೂ ಆದೇಶವನ್ನಷ್ಟೇ ತೋರಿಸಿದರೆ ಸಾಕು. ಆಸ್ಪತ್ರೆಯ ಕಡತವನ್ನು ನೋಡುವ ಹಕ್ಕು ಅವರಿಗಿಲ್ಲ.